ಬಾಲವನದ ಕಾರಂತರು: ದುಡಿಮೆ ಮತ್ತು ಮನೆ ಒಂದೇ ಅಂಗಳದಲ್ಲಿ

ಪುತ್ತೂರು: ಬೆಳಿಗ್ಗೆ ಪುತ್ತೂರಿನ ಒಂದು ಕ್ಲಿನಿಕ್, ಮಧ್ಯಾಹ್ನ ಕಡಬ, ಸಂಜೆ ಸುಳ್ಯ. ಊರಿಂದೂರಿಗೆ ಓಡಾಡಿ ರೋಗಿಗಳನ್ನು ನೋಡುವ ದಂತ ತಜ್ಞರಿಗೆ ಇಂತಹ ದಿನಚರಿ ಅಪರಿಚಿತವಲ್ಲ. ಸುಳ್ಯದಲ್ಲಿ ದಂತ ವೈದ್ಯಕೀಯ ಕಾಲೇಜು ಇದೆ. ಹಲ್ಲು ನೋವಿಗೆ ಮಂಗಳೂರಿನ ಬಸ್ಸು ಹಿಡಿಯಬೇಕಾಗಿದ್ದ ಕಾಲ ಹಿಂದೆ ಸರಿದಿದೆ. ಆದರೆ ವರ್ಷಗಟ್ಟಲೆ ಓದಿ ತಜ್ಞರಾದವರನ್ನು ಒಂದು ಪ್ರಶ್ನೆ ಮಾತ್ರ ಬಿಟ್ಟಿಲ್ಲ. ಮಾಡುವ ಕೆಲಸ ತೃಪ್ತಿ ಕೊಡುತ್ತಿದೆಯೇ, ಆ ಕೆಲಸದ ನಡುವೆ ಮನೆಗೆ ಸಮಯ ಉಳಿಯುತ್ತಿದೆಯೇ ಎಂಬ ಈ ಪ್ರಶ್ನೆ ವಕೀಲರು, ಶಿಕ್ಷಕರು, ತಂತ್ರಾಂಶ ಉದ್ಯೋಗಿಗಳೆಲ್ಲರನ್ನೂ ಇಂದು ಕಾಡುತ್ತಿದೆ.

ಇದೇ ನೆಲದಲ್ಲಿ ಸುಮಾರು ನಾಲ್ಕು ದಶಕ ಬದುಕಿದ ಒಬ್ಬರು ಈ ಪ್ರಶ್ನೆಗೆ ತಮ್ಮ ಇಡೀ ಜೀವನವನ್ನೇ ಉತ್ತರವಾಗಿ ಇಟ್ಟರು. ಅವರು ತಿಂಗಳ ಸಂಬಳದ ನೌಕರಿಯನ್ನು ನೆಚ್ಚಿ ಕುಳಿತವರಲ್ಲ. ಮನಸ್ಸಿಗೆ ಒಪ್ಪದ ಕೆಲಸ ಮಾಡಲಿಲ್ಲ. ಒಪ್ಪಿದ ಕೆಲಸವನ್ನು ಹಗಲಿರುಳು ಮಾಡಿದರು. ಅದರ ಸಂತೋಷವನ್ನು ಅವರೂ ಕನ್ನಡ ನಾಡೂ ಉಂಡವು. ಅದರ ಬೆಲೆಯ ಒಂದು ಪಾಲನ್ನು ಅವರ ಮನೆ ತೆತ್ತಿತು. ಅವರೇ ಪುತ್ತೂರಿನ ಬಾಲವನದ ಡಾ. ಕೋಟ ಶಿವರಾಮ ಕಾರಂತರು.

ಪದವಿಗೆ ಬೆನ್ನು ತಿರುಗಿಸಿದ ತರುಣ

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಇಂದಿನ ಉಡುಪಿ ಜಿಲ್ಲೆಯ ಕೋಟದಲ್ಲಿ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಸಂಪ್ರದಾಯಸ್ಥ ಬ್ರಾಹ್ಮಣ ಮನೆತನ. ಮದರಾಸು ಆಧಿಪತ್ಯಕ್ಕೆ ಸೇರಿದ್ದ ಆಗಿನ ದಕ್ಷಿಣ ಕನ್ನಡದಲ್ಲಿ ಇಂಗ್ಲಿಷ್ ಓದಿದ ಹುಡುಗನ ಮುಂದೆ ಇದ್ದ ದಾರಿಗಳು ಕೆಲವೇ. ವಕೀಲಿಕೆ, ಸರಕಾರಿ ಕಚೇರಿಯ ಗುಮಾಸ್ತಿಕೆ, ಶಾಲಾ ಮಾಸ್ತರಿಕೆ. ಇವು ಯಾವುದೂ ಕೂಡಿ ಬರದಿದ್ದರೆ ಘಟ್ಟ ಹತ್ತಿ ಹೋಟೆಲ್ ಉದ್ಯಮ.

ಕುಂದಾಪುರದಲ್ಲಿ ಹೈಸ್ಕೂಲು ಮುಗಿಸಿ ಮಂಗಳೂರಿನ ಸರಕಾರಿ ಕಾಲೇಜು ಸೇರಿದ್ದ ಕಾರಂತರು, ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಓದನ್ನು ನಡುವಿನಲ್ಲೇ ಬಿಟ್ಟರು. ಮುಂದೆ ಹಲವು ವಿಶ್ವವಿದ್ಯಾನಿಲಯಗಳು ಗೌರವ ಡಾಕ್ಟರೇಟ್ ನೀಡಿ ಅವರ ಹೆಸರಿನ ಹಿಂದೆ ಡಾಕ್ಟರ್ ಪದವನ್ನು ಕೂಡಿಸಿದವು. ಆದರೆ ಕಾಲೇಜಿನ ಪದವಿಯನ್ನು ಅವರು ಎಂದೂ ಪಡೆಯಲಿಲ್ಲ.

1920ರ ದಶಕದ ಬಹುಭಾಗ ಅವರು ಕಾರ್ನಾಡು ಸದಾಶಿವರಾಯರ ನೇತೃತ್ವದ ಕಾಂಗ್ರೆಸ್ ಬಳಗದಲ್ಲಿ ಖಾದಿ ಮತ್ತು ಸ್ವದೇಶಿ ಪ್ರಚಾರದಲ್ಲಿ ಕಳೆದರು. 'ವಸಂತ' ಎಂಬ ಪತ್ರಿಕೆ ನಡೆಸಿದರು. ಪತ್ತೇದಾರಿ ಕಾದಂಬರಿಗಳನ್ನೂ ಬರೆದರು. ವೇಶ್ಯಾವೃತ್ತಿಯಲ್ಲಿ ಸಿಲುಕಿದ ಹೆಣ್ಣುಮಕ್ಕಳಿಗೆ ಮದುವೆ ಮಾಡಿಸುವ ಸಾಹಸಕ್ಕೂ ಕೈ ಹಾಕಿದರು. ಒಂದು ಕೆಲಸ ಹಿಡಿಸದಿದ್ದಾಗ ಅದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದು ಊರಿನ ಹಿರಿಯರ ಕಣ್ಣಿಗೆ ಹುಚ್ಚಾಟವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆ ಹುಚ್ಚನ್ನು ಸ್ವತಃ ಕಾರಂತರೇ ಒಪ್ಪಿಕೊಂಡು, 1948ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನಕ್ಕೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಎಂದೇ ಹೆಸರಿಟ್ಟರು.

ಮೊಳಹಳ್ಳಿಯವರ ಪುತ್ತೂರು

ಕಾರಂತರ ಬದುಕಿನಲ್ಲಿ ಪುತ್ತೂರು ಬಂದದ್ದು ಮೊಳಹಳ್ಳಿ ಶಿವರಾಯರ ಮೂಲಕ. ಶಿವರಾಯರು ಪುತ್ತೂರಿನಲ್ಲಿ ವಕೀಲಿ ವೃತ್ತಿ ನಡೆಸುತ್ತಿದ್ದವರು. ಸಾಲದ ದಾವೆಗಳಲ್ಲಿ ರೈತರು ನೆಲ ಕಳೆದುಕೊಳ್ಳುವುದನ್ನು ನ್ಯಾಯಾಲಯದಲ್ಲಿ ಹತ್ತಿರದಿಂದ ಕಂಡಿದ್ದ ಅವರು ಜಿಲ್ಲೆಗೆ ಸಹಕಾರಿ ಚಳವಳಿಯನ್ನು ತಂದರು. 1909ರಲ್ಲಿ ಪುತ್ತೂರಿನಲ್ಲಿ ಆರಂಭವಾದ ಸಹಕಾರ ಸಂಘ, 1914ರಲ್ಲಿ ಅಲ್ಲಿಯೇ ಹುಟ್ಟಿದ ಜಿಲ್ಲಾ ಸಹಕಾರಿ ಬ್ಯಾಂಕ್ ಅವರ ದುಡಿಮೆಯ ಫಲ. ಸಹಕಾರಿ ಪಿತಾಮಹ ಎಂದು ಜಿಲ್ಲೆ ಇಂದಿಗೂ ಅವರನ್ನು ನೆನೆಯುತ್ತದೆ. ತಮ್ಮ ವೃತ್ತಿಗಿಂತ ದೊಡ್ಡದೊಂದು ಕೆಲಸವನ್ನು ಕಂಡುಕೊಂಡಿದ್ದ ಶಿವರಾಯರಿಗೆ, ಯಾವ ವೃತ್ತಿಗೂ ಒಗ್ಗದ ಈ ತರುಣನ ಶಕ್ತಿ ಅರ್ಥವಾದುದು ಸಹಜವೇ ಆಗಿತ್ತು.

ಇಬ್ಬರೂ ಸೇರಿ ಪುತ್ತೂರಿನಲ್ಲಿ ದಸರಾ ನಾಡಹಬ್ಬವನ್ನು ಬೆಳೆಸಿದರು. ಕನ್ನಡ ನಾಡಿನ ಹೆಸರಾಂತ ಸಾಹಿತಿಗಳು ಮಳೆಗಾಲ ಮುಗಿಯುತ್ತಿದ್ದಂತೆ ಈ ಸಣ್ಣ ಪೇಟೆಗೆ ಬಂದು ಉಪನ್ಯಾಸ ನೀಡುವ ಪರಿಪಾಠ ಬೆಳೆಯಿತು. ನೆಲ್ಲಿಕಟ್ಟೆಯ ಶಾಲೆಯಲ್ಲಿ ಕಾರಂತರು ಮಕ್ಕಳಿಂದ ನಾಟಕ ಆಡಿಸಿದರು, ಕುಣಿತ ಕಲಿಸಿದರು, ಗೀತನಾಟಕಗಳನ್ನು ಪ್ರಯೋಗಿಸಿದರು. ಶಾಲೆಯೆಂದರೆ ಬೆತ್ತ ಮತ್ತು ಬಾಯಿಪಾಠ ಎಂದಿದ್ದ ಕಾಲದಲ್ಲಿ ಇದು ಹೊಸ ಗಾಳಿ.

ಆಗ ಅವರಿಗೆ ನಿಶ್ಚಿತ ವರಮಾನವೆಂಬುದು ಇರಲಿಲ್ಲ. ಬರೆದ ಪುಸ್ತಕದಿಂದ ಬಂದಷ್ಟು, ಸ್ನೇಹಿತರು ಒದಗಿಸಿದಷ್ಟು. ಆದರೂ 1933ರಲ್ಲಿ 'ಚೋಮನ ದುಡಿ' ಹೊರಬಂತು. ಸ್ವಂತ ಭೂಮಿಯಲ್ಲಿ ಬೇಸಾಯ ಮಾಡಬೇಕೆಂಬ ಒಂದೇ ಆಸೆ ಹೊತ್ತ ದಲಿತ ಆಳಿನ ಕಥೆ ಅದು. ಹುಟ್ಟಿದ ಜಾತಿಯ ಕಾರಣಕ್ಕೆ ಆ ಕೆಲಸ ಚೋಮನಿಗೆ ದಕ್ಕುವುದಿಲ್ಲ. ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗಬೇಕಾಗುತ್ತದೆ. ಚೋಮನಿಗೆ ಉಳಿಯುವುದು ದುಡಿ ಒಂದೇ. ತನಗೆ ಬೇಕಾದ ಕೆಲಸವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಎಲ್ಲರಿಗೂ ಇಲ್ಲ ಎಂಬುದನ್ನು, ಆ ಸ್ವಾತಂತ್ರ್ಯವನ್ನು ಧಾರಾಳವಾಗಿ ಬಳಸಿಕೊಂಡಿದ್ದ ಲೇಖಕರೇ ಮನಗಾಣಿಸಿದರು. ಈ ಕೃತಿಯನ್ನು ಆಧರಿಸಿ ಬಿ.ವಿ. ಕಾರಂತರು ನಿರ್ದೇಶಿಸಿದ ಚಲನಚಿತ್ರ ಮುಂದೆ ರಾಷ್ಟ್ರಮಟ್ಟದಲ್ಲಿ ಸ್ವರ್ಣ ಕಮಲ ಪಡೆಯಿತು.

ಮನೆಯೇ ಕಾರ್ಯಾಗಾರ

ಪುತ್ತೂರು ಪೇಟೆಯಿಂದ ಅನತಿ ದೂರದ ಪರ್ಲಡ್ಕದ ಗುಡ್ಡದಲ್ಲಿ ಬಾಲವನ ರೂಪುಗೊಂಡದ್ದು 1930ರ ದಶಕದಲ್ಲಿ. ಹೆಸರೇ ಹೇಳುವಂತೆ ಅದು ಮಕ್ಕಳಿಗಾಗಿ ಕಂಡ ಕನಸು. ಪರೀಕ್ಷೆಯ ಭಯವಿಲ್ಲದೆ, ಮರಗಿಡಗಳ ನಡುವೆ, ಆಟಪಾಟಗಳ ಮೂಲಕ ಮಕ್ಕಳು ಕಲಿಯಬೇಕೆಂಬುದು ಕಾರಂತರ ಹಂಬಲವಾಗಿತ್ತು. ಆ ಶಾಲೆ ಬಹುಕಾಲ ನಡೆಯಲಿಲ್ಲ. ಆದರೆ ಬಾಲವನ ಉಳಿಯಿತು. ಕಾರಂತರ ಮನೆಯಾಗಿ, ಬರವಣಿಗೆಯ ಕೋಣೆಯಾಗಿ, ನಾಟ್ಯದ ಅಂಗಳವಾಗಿ ಬೆಳೆಯಿತು.

ಇಂದಿನ ಭಾಷೆಯಲ್ಲಿ ಹೇಳುವುದಾದರೆ ಕಾರಂತರಿಗೆ ಕಚೇರಿ ಬೇರೆ, ಮನೆ ಬೇರೆ ಎಂಬುದಿರಲಿಲ್ಲ. ಮಕ್ಕಳಿಗೆ ಲೋಕಜ್ಞಾನ ಕನ್ನಡದಲ್ಲೇ ಸಿಗಬೇಕೆಂದು 'ಬಾಲಪ್ರಪಂಚ'ದ ಮೂರು ಸಂಪುಟಗಳನ್ನು 1936ರ ಸುಮಾರಿಗೆ ಹೊರತಂದರು. ವಿಶ್ವವಿದ್ಯಾನಿಲಯವೊಂದು ತಜ್ಞರ ಮಂಡಳಿ ಕಟ್ಟಿಕೊಂಡು ಮಾಡಬೇಕಾದ ಕೆಲಸವದು. ಬಳಿಕ 'ಸಿರಿಗನ್ನಡ ಅರ್ಥಕೋಶ' ಬಂತು. 1959ರಿಂದ ಮುಂದೆ ವಿಜ್ಞಾನವನ್ನು ಕನ್ನಡಿಗರ ಮನೆಗೆ ಮುಟ್ಟಿಸುವ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳು ಬಂದವು. ಶಾಲಾ ಪಠ್ಯಪುಸ್ತಕಗಳನ್ನೂ ಬರೆದರು. ರೇಚಲ್ ಕಾರ್ಸನ್ ಎಂಬ ಅಮೆರಿಕದ ವಿಜ್ಞಾನಿ ಸಮುದ್ರದ ಬಗ್ಗೆ ಬರೆದ ಪ್ರಸಿದ್ಧ ಗ್ರಂಥವನ್ನು ಕನ್ನಡಕ್ಕೆ ತಂದರು.

ಬರೆದದ್ದನ್ನು ಅಚ್ಚು ಹಾಕಲು ಪರರನ್ನು ಕಾಯುವುದೇಕೆಂದು ಹರ್ಷ ಮುದ್ರಣಾಲಯ ಮತ್ತು ಹರ್ಷ ಪ್ರಕಟಣಾಲಯವನ್ನು ಪುತ್ತೂರಿನಲ್ಲೇ ನಡೆಸಿದರು. ಕೆಲವು ಪುಸ್ತಕಗಳ ಮುಖಪುಟದ ಚಿತ್ರವೂ ಅವರದೇ. ಕ್ಯಾಮೆರಾ ಹಿಡಿದರು, ಕುಂಚ ಹಿಡಿದರು, 1930ರ ದಶಕದ ಆರಂಭದಲ್ಲಿ ಮೂಕಿ ಚಿತ್ರಗಳನ್ನೂ ತಯಾರಿಸಿ ನೋಡಿದರು. ಈ ಸಾಹಸಗಳಲ್ಲಿ ಕೆಲವು ಸೋತವು. ಸೋತದ್ದನ್ನು ಮರೆಮಾಚದೆ ಆತ್ಮಕಥನದಲ್ಲಿ ದಾಖಲಿಸಿದರು.

ಒಂದು ಕೆಲಸದಿಂದ ದಣಿದಾಗ ಇನ್ನೊಂದು ಕೆಲಸಕ್ಕೆ ಹೋಗುವುದೇ ಅವರ ವಿಶ್ರಾಂತಿಯಾಗಿತ್ತು ಎನ್ನಬಹುದು. ಕಾದಂಬರಿ ಮುಗಿದರೆ ನೃತ್ಯ, ನೃತ್ಯ ಸಾಕಾದರೆ ವಿಜ್ಞಾನ, ಅದೂ ಸಾಕಾದರೆ ಕಾಡಿನ ದಾರಿ. ಯಾವುದೂ ಹೊಟ್ಟೆಪಾಡಿಗೆಂದು ಮೈಮೇಲೆ ಬಿದ್ದ ಹೊರೆಯಲ್ಲವಾದ್ದರಿಂದ ಯಾವುದರಿಂದಲೂ ರಜೆ ಬೇಕೆನಿಸಲಿಲ್ಲ.

ಲೀಲಾ ಕಾರಂತರ ಪಾಲು

1936ರ ಮೇ 6ರಂದು ಕಾರಂತರು ಲೀಲಾ ಆಳ್ವರನ್ನು ಮದುವೆಯಾದರು. ಅವರು ನಾಟಕ ಆಡಿಸುತ್ತಿದ್ದ, ನೃತ್ಯ ಕಲಿಸುತ್ತಿದ್ದ ಶಾಲೆಯಲ್ಲಿ ಲೀಲಾ ವಿದ್ಯಾರ್ಥಿನಿಯಾಗಿದ್ದರು. ಕಾರಂತರು ಬ್ರಾಹ್ಮಣರು, ಲೀಲಾ ಬಂಟ ಸಮುದಾಯದವರು. ಅಂತರ್ಜಾತಿ ವಿವಾಹವೆಂದರೆ ಊರೇ ಹುಬ್ಬೇರಿಸುತ್ತಿದ್ದ ಕಾಲವದು. ಕುಹಕ, ಕೊಂಕುನುಡಿಗಳನ್ನು ಇಬ್ಬರೂ ಎದುರಿಸಬೇಕಾಯಿತು.

ಬಾಲವನದ ದುಡಿಮೆಯ ಕಥೆಯಲ್ಲಿ ಲೀಲಾ ಅವರ ಹೆಸರು ಸಾಮಾನ್ಯವಾಗಿ ಎರಡನೆಯ ಸಾಲಿನಲ್ಲಿ ಬರುತ್ತದೆ. ಆದರೆ ಅವರಿಲ್ಲದೆ ಆ ಕಥೆ ನಡೆಯುತ್ತಿರಲಿಲ್ಲ. ಬಾಲ್ಯದಲ್ಲಿ ಮರಾಠಿಯಲ್ಲಿ ಓದಿದ್ದ ಅವರು ಮದುವೆಯ ನಂತರ ಕನ್ನಡವನ್ನು ಮತ್ತೆ ಕಲಿತು, ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಯನ್ನು ಕನ್ನಡಕ್ಕೆ ಅನುವಾದಿಸಿದರು. ಕಾರಂತರ ಗೀತನಾಟಕಗಳಲ್ಲಿ ಕುಣಿದರು. ಹರ್ಷ, ಮಾಲವಿಕಾ, ಉಲ್ಲಾಸ, ಕ್ಷಮಾ ಎಂಬ ನಾಲ್ವರು ಮಕ್ಕಳನ್ನು ಬೆಳೆಸಿದರು.

ಹೊರಗಿನ ಲೋಕಕ್ಕೆ ಬಾಲವನ ತುಂಬಿ ತುಳುಕುವ ಮನೆ. ಸಾಹಿತಿಗಳು, ಕಲಾವಿದರು, ಊರಿನವರು, ದೂರದಿಂದ ಬಂದ ಅಪರಿಚಿತರು ಎಲ್ಲರೂ ಬರುತ್ತಿದ್ದರು. ಬಂದವರಿಗೆ ಊಟ, ಉಪಚಾರ ಆಗಬೇಕು. ಯಜಮಾನರು ಬರವಣಿಗೆಯಲ್ಲಿ ಮುಳುಗಿರುತ್ತಾರೆ, ಇಲ್ಲವೇ ತಿರುಗಾಟದಲ್ಲಿರುತ್ತಾರೆ. ಕೆಲಸ ಮತ್ತು ಮನೆ ಒಂದೇ ಸೂರಿನಡಿ ಇದ್ದಾಗ, ಒಬ್ಬರಿಗೆ ಅದು ಸ್ವಾತಂತ್ರ್ಯವಾದರೆ ಇನ್ನೊಬ್ಬರಿಗೆ ಬಾಗಿಲು ಮುಚ್ಚದ ದುಡಿಮೆಯಾಗುತ್ತದೆ. ಮಕ್ಕಳ ಪಾಲನೆ ತಾಯಿಯ ಹೊಣೆ, ತಂದೆಯದು ಹೊರಗಿನ ಕೆಲಸ ಎಂಬ ಆ ಕಾಲದ ನಂಬಿಕೆಯಿಂದ ಕಾರಂತರಂತಹ ಕ್ರಾಂತಿಕಾರಿಯೂ ಪೂರ್ತಿ ಹೊರಗಿರಲಿಲ್ಲ.

ಸುಬ್ರಹ್ಮಣ್ಯದ ಕಾಡಿನ ಗೋಪಾಲಯ್ಯ

ಕಾರಂತರ ಕಾಡಿನ ಅಲೆದಾಟದಿಂದ ಹುಟ್ಟಿದ ಕೃತಿಗಳಲ್ಲಿ ಈ ಸೀಮೆಯ ಜನ ಅತ್ಯಂತ ಆಪ್ತವಾಗಿ ನೆನೆಯುವುದು 1943ರ 'ಬೆಟ್ಟದ ಜೀವ'. ಅದರ ನೆಲೆ ಕುಕ್ಕೆ ಸುಬ್ರಹ್ಮಣ್ಯದ ಸುತ್ತಲಿನ, ಕುಮಾರಪರ್ವತದ ಬುಡದ ದಟ್ಟ ಕಾಡು. ಆಗ ಪುತ್ತೂರು ಸೀಮೆಯ ದೂರದ ಮೂಲೆಯಾಗಿದ್ದ ಆ ಪ್ರದೇಶ, ಇಂದು ಪುತ್ತೂರು ಮತ್ತು ಸುಳ್ಯದ ಗ್ರಾಮಗಳನ್ನು ಬೇರ್ಪಡಿಸಿ ರಚಿಸಿದ ಕಡಬ ತಾಲ್ಲೂಕಿನಲ್ಲಿದೆ.

ದಾರಿ ತಪ್ಪಿದ ಪಯಣಿಗನೊಬ್ಬ ದೇರಣ್ಣ ಗೌಡ ಮತ್ತು ಬಟ್ಯ ಎಂಬವರ ನೆರವಿನಿಂದ ಕೆಳಬೈಲಿನ ಗೋಪಾಲಯ್ಯ ಭಟ್ಟರ ಮನೆ ಸೇರುತ್ತಾನೆ. ಕಾಡು ಕಡಿದು, ತೋಡಿನ ನೀರು ತಿರುಗಿಸಿ, ಆನೆ, ಹುಲಿಗಳ ನಡುವೆ ಅಡಿಕೆ ತೋಟ ಎಬ್ಬಿಸಿದ ಮುದುಕ ಗೋಪಾಲಯ್ಯ. ಸದಾ ನಗು, ಸದಾ ಮಾತು, ಬಂದ ಅತಿಥಿಯನ್ನು ಹೋಗಗೊಡದ ಪ್ರೀತಿ. ದುಡಿಮೆಯಲ್ಲಿ ತೃಪ್ತಿ ಕಂಡ ಮನುಷ್ಯ ಹೇಗಿರುತ್ತಾನೆ ಎಂದು ಕೇಳಿದರೆ ಕನ್ನಡದ ಓದುಗ ಗೋಪಾಲಯ್ಯನ ಕಡೆಗೆ ಬೆರಳು ತೋರಿಸಬಹುದು.

ಆದರೆ ಕಾರಂತರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಆ ನಗುವಿನ ಹಿಂದೆ ಮನೆ ಬಿಟ್ಟು ಹೋದ ಮಗ ಶಂಭುವಿನ ನೋವಿದೆ. ಪತ್ನಿ ಶಂಕರಿಯಮ್ಮನ ಕಣ್ಣು ಹಾದಿಯ ಮೇಲೆಯೇ ಇರುತ್ತದೆ. ಆಶ್ರಯ ಕೊಟ್ಟು ಬೆಳೆಸಿದ ನಾರಾಯಣನೂ ಎಲ್ಲಿ ಬಿಟ್ಟುಹೋಗುವನೋ ಎಂಬ ಅಳುಕು ಬೇರೆ. ಯಾರಿಗಾಗಿ ಈ ತೋಟ ಎಂಬ ಪ್ರಶ್ನೆ ಪ್ರತಿ ಅಧ್ಯಾಯದ ಅಂಚಿನಲ್ಲಿ ಸುಳಿಯುತ್ತದೆ. ಕೆಲಸದ ಸುಖ ಮನೆಯ ಕೊರತೆಯನ್ನು ಪೂರ್ತಿ ತುಂಬಲಾರದು ಎಂಬ ತಿಳಿವು, ನಾಲ್ವತ್ತರ ಹರೆಯದ ಲೇಖಕರಿಗೆ ಆಗಲೇ ಇತ್ತು. 2010ರ ದಶಕದ ಆರಂಭದಲ್ಲಿ ಪಿ. ಶೇಷಾದ್ರಿ ಅವರು ಈ ಕಾದಂಬರಿಯನ್ನು ತೆರೆಗೆ ತಂದರು.

ಉದ್ಯೋಗ ಮತ್ತು ತೃಪ್ತಿಯ ಪ್ರಶ್ನೆ ಅವರ ಇತರ ಕಾದಂಬರಿಗಳಲ್ಲಿಯೂ ಮತ್ತೆ ಮತ್ತೆ ಬರುತ್ತದೆ. 1941ರ 'ಮರಳಿ ಮಣ್ಣಿಗೆ'ಯ ರಾಮ ಬಿ.ಎ. ಓದಿ, ಮುಂಬಯಿಯಲ್ಲಿ ಕೆಲಸಕ್ಕಾಗಿ ಅಲೆದು, ಕೊನೆಗೆ ಕೋಡಿಯ ಕಡಲ ತೀರದ ತನ್ನ ಮಣ್ಣಿಗೆ ಹಿಂದಿರುಗುತ್ತಾನೆ. 1945ರ 'ಮುಗಿದ ಯುದ್ಧ' ಬಡ ಶಾಲಾ ಮಾಸ್ತರರ ಬವಣೆಯನ್ನು ಹೇಳುತ್ತದೆ. 1951ರ 'ಕುಡಿಯರ ಕೂಸು' ಘಟ್ಟದ ಮಲೆಕುಡಿಯರ ಬದುಕನ್ನು ಚಿತ್ರಿಸುತ್ತದೆ. ಇದನ್ನು 'ಮಲೆಯ ಮಕ್ಕಳು' ಎಂಬ ಹೆಸರಿನಲ್ಲಿ ಕಾರಂತರೇ ಸಿನಿಮಾ ಮಾಡಿದರು.

ಕೀರ್ತಿ ಬಂತು, ಕಷ್ಟ ಉಳಿಯಿತು

1955ರಲ್ಲಿ ಮೈಸೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1959ರಲ್ಲಿ 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಹೀಗೆ ಗೌರವಗಳು ಸಾಲಾಗಿ ಬಂದವು. ಹಣದ ಮಾತು ಬೇರೆಯೇ ಆಗಿತ್ತು. ಕನ್ನಡದಲ್ಲಿ ವಿಶ್ವಕೋಶದಂತಹ ಪುಸ್ತಕ ಅಚ್ಚು ಹಾಕುವವನಿಗೆ ಕಾಗದದ ಬಿಲ್ಲು ಮೊದಲು ಬರುತ್ತದೆ, ಓದುಗರ ದುಡ್ಡು ತಡವಾಗಿ ಬರುತ್ತದೆ. ಪೇಟೆ ಸಣ್ಣದು, ಕನಸು ದೊಡ್ಡದು. ವಕೀಲರಿಗೋ ವೈದ್ಯರಿಗೋ ನಡುವಯಸ್ಸಿನಲ್ಲಿ ಸಿಗುವ ನೆಮ್ಮದಿಯ ಆದಾಯ ಕಾರಂತರ ಮನೆಗೆ ಬರಲಿಲ್ಲ. ಅರುವತ್ತರ ಹೊಸ್ತಿಲಲ್ಲೂ ಆರ್ಥಿಕ ಮುಗ್ಗಟ್ಟು ಅವರ ಬೆನ್ನು ಬಿಟ್ಟಿರಲಿಲ್ಲ.

ಆ ಹೊತ್ತಿಗೇ ಬಾಲವನಕ್ಕೆ ಸಿಡಿಲೆರಗಿತು. 1960ರ ದಶಕದ ಆರಂಭದಲ್ಲಿ ಹಿರಿಯ ಮಗ ಹರ್ಷ ತೀರಿಕೊಂಡರು. ಮುದ್ರಣಾಲಯಕ್ಕೂ ಪ್ರಕಟಣಾಲಯಕ್ಕೂ ಯಾರ ಹೆಸರಿತ್ತೋ ಆ ಮಗನೇ ಇಲ್ಲವಾದ. ಈ ಆಘಾತ ಲೀಲಾ ಅವರ ಮನಸ್ಸನ್ನು ತೀವ್ರವಾಗಿ ಘಾಸಿಗೊಳಿಸಿತು. ಅವರು ಗಂಭೀರ ಮಾನಸಿಕ ಅಸ್ವಾಸ್ಥ್ಯಕ್ಕೆ ಒಳಗಾದರು. ಮನೋವೈದ್ಯರೆಂದರೆ ದೂರದ ನಗರಗಳಲ್ಲಿ ಮಾತ್ರ ಸಿಗುತ್ತಿದ್ದ, ಮನಸ್ಸಿನ ಕಾಯಿಲೆಯನ್ನು ಮನೆಯೊಳಗೆ ಮುಚ್ಚಿಡುತ್ತಿದ್ದ ಕಾಲವದು.

ಅಲ್ಲಿಯವರೆಗೆ ಮನೆಯ ಭಾರವನ್ನು ಪತ್ನಿಗೆ ಬಿಟ್ಟು ಲೋಕ ಸುತ್ತಿದ ಮನುಷ್ಯ, ತನ್ನ ಅರುವತ್ತರ ಸುಮಾರಿಗೆ ಆ ಭಾರಕ್ಕೆ ಹೆಗಲು ಕೊಟ್ಟರು. ಲೀಲಾ ಅವರ ಶುಶ್ರೂಷೆಯನ್ನು ತಾವೇ ವಹಿಸಿಕೊಂಡರು. ಮಕ್ಕಳ ಕಡೆಗೆ ಗಮನ ಹರಿಸಿದರು. ಕಾಯಿಲೆ ಬಂದುಹೋಗುವಂಥದ್ದಲ್ಲ, ವರ್ಷಾನುಗಟ್ಟಲೆ ಜೊತೆಗಿರುವಂಥದ್ದು. ಸಭೆಗಳು, ಪ್ರವಾಸಗಳು, ಬರವಣಿಗೆ ಎಲ್ಲವೂ ಇನ್ನು ಮುಂದೆ ಆ ಒಂದು ಹೊಣೆಯ ಪಕ್ಕದಲ್ಲಿ ಜಾಗ ಹುಡುಕಿಕೊಳ್ಳಬೇಕಾಯಿತು. ಕಾರಂತರ ಹತ್ತು ಮುಖಗಳನ್ನು ಕೊಂಡಾಡುವ ನಾಡು ಈ ಹನ್ನೊಂದನೆಯ ಮುಖವನ್ನು ಹೆಚ್ಚು ಗಮನಿಸಿದಂತಿಲ್ಲ. ಅದಕ್ಕೆ ಪ್ರಶಸ್ತಿಗಳಿಲ್ಲ, ಸನ್ಮಾನಗಳಿಲ್ಲ.

ಬರವಣಿಗೆ ಮಾತ್ರ ನಿಲ್ಲಲಿಲ್ಲ. 1968ರಲ್ಲಿ 'ಮೂಕಜ್ಜಿಯ ಕನಸುಗಳು' ಪ್ರಕಟವಾಯಿತು. ಎಳವೆಯಲ್ಲೇ ವಿಧವೆಯಾಗಿ, ಹೆಚ್ಚು ಮಾತನಾಡದೆ ಒಂದು ಮನೆಯ ಮೂಲೆಯಲ್ಲಿ ಬಾಳಿದ ಮುದುಕಿಯ ಕಣ್ಣಿನಿಂದ ಮನುಷ್ಯಕುಲದ ಇತಿಹಾಸವನ್ನೇ ಕಾಣಿಸಿದ ಕೃತಿ ಅದು. ಇದಕ್ಕಾಗಿ ಅವರಿಗೆ 1977ರ ಜ್ಞಾನಪೀಠ ಪ್ರಶಸ್ತಿ ಸಂದಿತು. ಕುವೆಂಪು, ಬೇಂದ್ರೆಯವರ ನಂತರ ಈ ಗೌರವ ಪಡೆದ ಕನ್ನಡದ ಮೂರನೆಯ ಸಾಹಿತಿ ಅವರು.

ನಿವೃತ್ತಿಯಿಲ್ಲದ ವೃತ್ತಿ

1970ರ ದಶಕದಲ್ಲಿ ಕಾರಂತರು ಪುತ್ತೂರನ್ನು ಬಿಟ್ಟು ಹುಟ್ಟೂರಿನ ಸಮೀಪದ ಸಾಲಿಗ್ರಾಮಕ್ಕೆ ತೆರಳಿದರು. ಸರಕಾರಿ ನೌಕರರು ಪಿಂಚಣಿ ಪಡೆದು ಆರಾಮ ಕುರ್ಚಿ ಹಿಡಿಯುವ ವಯಸ್ಸನ್ನು ಅವರು ಎಂದೋ ದಾಟಿದ್ದರು. ನಿವೃತ್ತಿ ಎಂಬ ಪದ ಅವರ ಬದುಕಿಗೆ ಅನ್ವಯಿಸಲಿಲ್ಲ. ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣವನ್ನು ಸರಕಾರಕ್ಕೆ ಮರಳಿಸಿದರು. ಬಡಗುತಿಟ್ಟಿನ ಯಕ್ಷಗಾನದಲ್ಲಿ ಹೊಸ ಪ್ರಯೋಗಗಳನ್ನು ಮಾಡಿ, 'ಯಕ್ಷರಂಗ' ತಂಡವನ್ನು ಕಟ್ಟಿಕೊಂಡು ವಿದೇಶಗಳಿಗೂ ಹೋಗಿಬಂದರು. ಕೈಗಾ ಅಣುಸ್ಥಾವರದ ವಿರುದ್ಧ ದನಿ ಎತ್ತಿದರು. 1989ರಲ್ಲಿ, 87ರ ವಯಸ್ಸಿನಲ್ಲಿ, ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಉತ್ತರ ಕನ್ನಡದಿಂದ ಲೋಕಸಭಾ ಚುನಾವಣೆಗೆ ನಿಂತು ಸೋತರು.

ಈ ನಡುವೆ 1986ರಲ್ಲಿ ಲೀಲಾ ಕಾರಂತರು ತೀರಿಕೊಂಡರು. ಮದುವೆಯಾಗಿ ಸರಿಯಾಗಿ 50 ವರ್ಷಗಳಾಗಿದ್ದವು.

ಮಕ್ಕಳು ಹಿಡಿದ ದಾರಿಗಳೂ ಗಮನಾರ್ಹ. ಬಾಲವನದಲ್ಲಿ ಹಕ್ಕಿಗಳ ನಡುವೆ ಬೆಳೆದ ಉಲ್ಲಾಸ ಕಾರಂತರು ಎಂಜಿನಿಯರಿಂಗ್ ಓದಿದ ಬಳಿಕ ಆ ದಾರಿ ಬಿಟ್ಟು ಹುಲಿಗಳ ಅಧ್ಯಯನಕ್ಕೆ ತಿರುಗಿ ಅಂತಾರಾಷ್ಟ್ರೀಯ ಮಟ್ಟದ ವನ್ಯಜೀವಿ ವಿಜ್ಞಾನಿಯಾದರು. ತಾಯಿಯ ಮನಸ್ಸಿನ ನೋವನ್ನು ಹತ್ತಿರದಿಂದ ಕಂಡ ಮಾಲವಿಕಾ ಕಪೂರ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿ, ಮಕ್ಕಳ ಮಾನಸಿಕ ಆರೋಗ್ಯದ ಕ್ಷೇತ್ರದಲ್ಲಿ ಹೆಸರು ಮಾಡಿದರು. ಕ್ಷಮಾ ರಾವ್ ಅವರೊಂದಿಗೆ ಸೇರಿ ಮೂವರೂ ತಮ್ಮ ತಂದೆ, ತಾಯಿಯರ ನೆನಪುಗಳನ್ನು 2021ರಲ್ಲಿ ಇಂಗ್ಲಿಷ್ ಪುಸ್ತಕವಾಗಿ ಹೊರತಂದರು. ಇಂಥದೇ ನೌಕರಿ ಹಿಡಿಯಬೇಕೆಂಬ ಹಠವಿಲ್ಲದ ಮನೆಯಲ್ಲಿ ಬೆಳೆದ ಮಕ್ಕಳಿಗೆ ತಮ್ಮ ಕೆಲಸವನ್ನು ತಾವೇ ಹುಡುಕಿಕೊಳ್ಳುವ ಧೈರ್ಯ ಬಂದಿತ್ತು.

95ರ ಹರೆಯದಲ್ಲೂ ಕಾರಂತರು ಹಕ್ಕಿಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದರು. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ನಿಧನರಾದರು. ಒಟ್ಟು 47 ಕಾದಂಬರಿಗಳು, ಅದಕ್ಕೆ ಹೊರತಾಗಿ ನಾಟಕ, ಪ್ರವಾಸ ಕಥನ, ಕಲೆ, ವಿಜ್ಞಾನ, ಕೋಶಗಳು. ಒಬ್ಬ ಮನುಷ್ಯ ಒಂದು ಜೀವಮಾನದಲ್ಲಿ ಮಾಡಿದ ಕೆಲಸವೆಂದು ನಂಬಲು ಕಷ್ಟ.

ಬಾಲವನದ ಅಂಗಳದಲ್ಲಿ

ಪರ್ಲಡ್ಕದ ಬಾಲವನ ಇಂದು ಕಾರಂತರ ಸ್ಮಾರಕ. ಅವರು ಬಾಳಿದ ಮನೆಯನ್ನು ಕಾಪಾಡಿಕೊಂಡು ಬರಲಾಗಿದೆ. ಅಕ್ಟೋಬರ್ 10ರಂದು ಜನ್ಮದಿನದ ಕಾರ್ಯಕ್ರಮಗಳು ನಡೆಯುತ್ತವೆ. ಶಾಲಾ ಮಕ್ಕಳು ಬರುತ್ತಾರೆ, ಮರಗಳ ಕೆಳಗೆ ಓಡಾಡುತ್ತಾರೆ.

ಕಾರಂತರ ದಾರಿ ಎಲ್ಲರಿಗೂ ಸಾಧ್ಯವಲ್ಲ. ಬ್ಯಾಂಕಿನ ಸಾಲ ಮಾಡಿ ತಜ್ಞ ಪದವಿ ಪಡೆದ ದಂತ ವೈದ್ಯರಿಗೆ ಮನಸ್ಸಿಗೆ ಬಂದಾಗ ಕೆಲಸ ಬದಲಿಸುವ ಸ್ವಾತಂತ್ರ್ಯ ಎಲ್ಲಿಂದ ಬರಬೇಕು? ಸರದಿಯಲ್ಲಿ ಕುಳಿತ ರೋಗಿಯನ್ನು ಬಿಟ್ಟು ಕಾಡು ಸುತ್ತಲು ಹೋಗುವುದಾದರೂ ಹೇಗೆ? ಆದರೂ ಅವರ ಬದುಕಿನಿಂದ ಎರಡು ಸಂಗತಿಗಳನ್ನು ಈ ಸೀಮೆಯ ದುಡಿಯುವ ಜನ ತಮ್ಮದಾಗಿಸಿಕೊಳ್ಳಬಹುದು. ಮನಸ್ಸೊಪ್ಪಿ ಮಾಡುವ ಕೆಲಸ ವಯಸ್ಸನ್ನೂ ಬಡತನವನ್ನೂ ಸಹಿಸುವ ಶಕ್ತಿ ಕೊಡುತ್ತದೆ ಎಂಬುದು ಒಂದು. ಎಷ್ಟೇ ಪ್ರೀತಿಯ ಕೆಲಸವಾದರೂ ಅದರ ಲೆಕ್ಕದ ಪುಸ್ತಕದಲ್ಲಿ ಮನೆಯವರ ಪಾಲು ಬರೆದಿರುತ್ತದೆ, ಅದನ್ನು ಒಂದಲ್ಲ ಒಂದು ದಿನ ತೀರಿಸಲೇಬೇಕು ಎಂಬುದು ಇನ್ನೊಂದು. ಕಾರಂತರು ತಡವಾಗಿಯಾದರೂ ಆ ಬಾಕಿಗೆ ಬೆನ್ನು ತಿರುಗಿಸಲಿಲ್ಲ.

ಸುಬ್ರಹ್ಮಣ್ಯದ ದಾರಿಯಲ್ಲಿ ಈಗ ಕಾಡು ತೆಳ್ಳಗಾಗಿದೆ. ಡಾಂಬರು ರಸ್ತೆಯಲ್ಲಿ ವಾಹನಗಳ ಸಾಲು. ಕುಮಾರಪರ್ವತ ಮಾತ್ರ ಅಲ್ಲೇ ಇದೆ. ಕೆಲಸ ಮುಗಿಸಿ ಸಂಜೆ ಕಡಬದಿಂದಲೋ ಸುಳ್ಯದಿಂದಲೋ ಪುತ್ತೂರಿಗೆ ಮರಳುವವರಿಗೆ, ಬಾಲವನದ ಅಂಗಳ ದಾರಿಯಿಂದ ಬಹಳ ದೂರವೇನಲ್ಲ.